ಸಿಸ್ಮೆಕ್ಸ್ ಎಕ್ಸ್‌ಪಿ-100 ಸೆಲ್ ಕೌಂಟರ್: ಇದರ ಎಂಸಿವಿಯನ್ನು ಎಷ್ಟು ನಂಬಬಹುದು?

ಸೆಲ್ ಕೌಂಟರ್, ಅಂದರೆ ರಕ್ತಕಣ ಎಣಿಸುವ ಯಂತ್ರ, ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ: ಗಂಟೆಗೆ ಎಷ್ಟು ಸ್ಯಾಂಪಲ್ ಓಡುತ್ತದೆ, ಒಂದು ಟೆಸ್ಟಿಗೆ ರೀಏಜೆಂಟ್ ಖರ್ಚೆಷ್ಟು, ಕೆಟ್ಟರೆ ಎಂಜಿನಿಯರ್ ಎಷ್ಟು ದಿನಕ್ಕೆ ಬರುತ್ತಾರೆ. ಎಂಸಿವಿಯನ್ನು, ಅಂದರೆ ಕೆಂಪುಕಣದ ಸರಾಸರಿ ಗಾತ್ರವನ್ನು, ಯಂತ್ರ ನೇರವಾಗಿ ಅಳೆಯುತ್ತದೆಯೋ, ಲೆಕ್ಕ ಹಾಕಿ ಬರೆಯುತ್ತದೆಯೋ ಎಂದು ಕೇಳುವವರು ಅಪರೂಪ. ರಕ್ತಹೀನತೆ ಯಾವ ಜಾತಿಯದ್ದು ಎಂದು ತಿಳಿಯಲು ವೈದ್ಯರು ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಆದ ಮೇಲೆ ಮೊದಲು ನೋಡುವುದು ಎಂಸಿವಿಯನ್ನೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಕೈಯಳತೆಯ ಹಿಮೋಗ್ಲೋಬಿನ್ ಮೀಟರು ರಕ್ತ ಕಡಿಮೆ ಇದೆ ಎಂದಷ್ಟೇ ಹೇಳುತ್ತದೆ. ಏಕೆ ಕಡಿಮೆ ಎಂಬ ವಿಚಾರಣೆ ಶುರುವಾಗುವುದು ಕಣದ ಗಾತ್ರದಿಂದ. ಹಾಗಾಗಿ ಈ ವಿಮರ್ಶೆಯಲ್ಲಿ ತಾಲ್ಲೂಕು ಮಟ್ಟದ ಲ್ಯಾಬ್‌ಗಳಿಗೆ ಪರಿಚಿತವಾದ ತ್ರೀ-ಪಾರ್ಟ್ (ಬಿಳಿಕಣಗಳನ್ನು ಮೂರು ಗುಂಪಾಗಿ ವಿಂಗಡಿಸುವ) ಯಂತ್ರವೊಂದನ್ನು ಆ ಒಂದೇ ಅಂಕಿಯ ಕಡೆಯಿಂದ ನೋಡಿದೆ. ಬಿಳಿಕಣಗಳ ವಿಂಗಡಣೆ, ಪ್ಲೇಟ್‌ಲೆಟ್ ಎಣಿಕೆ ಇಲ್ಲಿ ಬರುವುದು ಕೆಂಪುಕಣದ ಗಾತ್ರಕ್ಕೆ ಅಡ್ಡ ಬಂದಲ್ಲಿ ಮಾತ್ರ.

ಯಂತ್ರದ ಹಿನ್ನೆಲೆ ಚಿಕ್ಕದಾಗಿ. ಸಿಸ್ಮೆಕ್ಸ್ ಜಪಾನಿನ ಕೋಬೆಯ ಕಂಪನಿ. 1968ರಲ್ಲಿ ತೋಆ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾಗಿ 1998ರಲ್ಲಿ ಈಗಿನ ಹೆಸರು ಪಡೆಯಿತು. ಎಕ್ಸ್‌ಪಿ-100 ಅದೇ ಕಂಪನಿಯ ಹಳೆಯ ಕೆಎಕ್ಸ್-21ರ ದಾಯಾದಿ. ಒಳಗಿನ ದ್ರವದ ಹಾದಿ ಬಹುಪಾಲು ಅದೇ. ಮುಖದಲ್ಲಿ ಬಣ್ಣದ ಟಚ್ ಸ್ಕ್ರೀನ್, ಒಳಗೇ ಥರ್ಮಲ್ ಪ್ರಿಂಟರ್. ಒಂದು ಸ್ಯಾಂಪಲ್‌ಗೆ 50 ಮೈಕ್ರೋಲೀಟರ್ ರಕ್ತ ಹೀರುತ್ತದೆ, ಗಂಟೆಗೆ ಸುಮಾರು 60 ಸ್ಯಾಂಪಲ್ ಮುಗಿಸುತ್ತದೆ. ಬೆರಳು ಚುಚ್ಚಿ ತೆಗೆದ ಸ್ವಲ್ಪ ರಕ್ತಕ್ಕೆ ಪ್ರೀ-ಡೈಲ್ಯೂಟೆಡ್ ಮೋಡ್ ಇದೆ: 20 ಮೈಕ್ರೋಲೀಟರ್ ರಕ್ತವನ್ನು 500 ಮೈಕ್ರೋಲೀಟರ್ ಸೆಲ್‌ಪ್ಯಾಕ್‌ನಲ್ಲಿ (ಕಂಪನಿಯ ಡೈಲ್ಯೂಯೆಂಟ್, ಅಂದರೆ ರಕ್ತ ತೆಳುವಾಗಿಸುವ ದ್ರಾವಣ) ಬೆರೆಸಿ ಕೊಡಬೇಕು. ಈ ಮೋಡ್ ಮಕ್ಕಳಿಗೆಂದು ಮಾಡಿದ್ದಾದರೂ ಎಂಸಿವಿ ರಿಪೇರಿಗೂ ಒದಗುತ್ತದೆ, ಅದಕ್ಕೆ ಆಮೇಲೆ ಬರೋಣ.

ಕೆಂಪುಕಣವನ್ನು ಅಳೆಯುವ ಉಪಾಯ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದದ್ದೇ. ಉಪ್ಪುನೀರಿನಂಥ ದ್ರಾವಣದಲ್ಲಿ ತೇಲುವ ಕಣವನ್ನು ಒಂದು ಸಣ್ಣ ರಂಧ್ರದ ಮೂಲಕ ಹಾಯಿಸುತ್ತಾರೆ. ರಂಧ್ರದ ಆಚೆ ಈಚೆ ವಿದ್ಯುತ್ ಹರಿಯುತ್ತಿರುತ್ತದೆ. ಕಣದ ಪೊರೆ ವಿದ್ಯುತ್ತನ್ನು ಬಿಡುವುದಿಲ್ಲ. ಅದು ಹಾದುಹೋದ ಕ್ಷಣ ತಡೆ ಏರಿ ಒಂದು ಮಿಡಿತ ಹುಟ್ಟುತ್ತದೆ. ಮಿಡಿತಗಳ ಸಂಖ್ಯೆ ಕಣಗಳ ಸಂಖ್ಯೆ, ಮಿಡಿತದ ಎತ್ತರ ಕಣದ ಗಾತ್ರ. ಎಕ್ಸ್‌ಪಿ-100 ರಕ್ತವನ್ನು ಮೊದಲು 1:500, ಅದರಿಂದ ಸ್ವಲ್ಪ ತೆಗೆದು ಮತ್ತೆ 1:25,000 ಪ್ರಮಾಣಕ್ಕೆ ತೆಳುವಾಗಿಸಿ ಆಮೇಲೆ ರಂಧ್ರಕ್ಕೆ ಬಿಡುತ್ತದೆ. ಇಷ್ಟು ತೆಳುವಾಗಿಸದಿದ್ದರೆ ಎರಡು ಕಣ ಒಟ್ಟಿಗೆ ನುಗ್ಗಿ ಒಂದೇ ದೊಡ್ಡ ಕಣವಾಗಿ ದಾಖಲಾಗುತ್ತವೆ.

ಇಲ್ಲಿಯವರೆಗೆ ಎಲ್ಲ ಇಂಪೀಡೆನ್ಸ್ (ವಿದ್ಯುತ್ ತಡೆ ಅಳೆಯುವ) ಯಂತ್ರಗಳ ಕಥೆಯೂ ಒಂದೇ. ಮುಂದೆ ದಾರಿ ಎರಡಾಗುತ್ತದೆ. ಕೌಲ್ಟರ್ ಮನೆತನದ ಯಂತ್ರಗಳು ಮಿಡಿತಗಳ ಸರಾಸರಿ ಎತ್ತರದಿಂದ ಎಂಸಿವಿಯನ್ನು ನೇರ ಪಡೆದು, ಅದನ್ನು ಆರ್‌ಬಿಸಿ (ಕೆಂಪುಕಣ) ಎಣಿಕೆಯಿಂದ ಗುಣಿಸಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳು ತುಂಬಿದ ಶೇಕಡ ಭಾಗ) ಬರೆಯುತ್ತವೆ. ಸಿಸ್ಮೆಕ್ಸ್ ಉಲ್ಟಾ: ಎಲ್ಲ ಮಿಡಿತಗಳ ಎತ್ತರವನ್ನು ಕೂಡಿಸಿ ಹೆಮಟೋಕ್ರಿಟ್ ಪಡೆಯುತ್ತದೆ, ಆಮೇಲೆ ಅದನ್ನು ಆರ್‌ಬಿಸಿಯಿಂದ ಭಾಗಿಸಿ ಎಂಸಿವಿ ಕೊಡುತ್ತದೆ. ಉದಾಹರಣೆಗೆ ಹೆಮಟೋಕ್ರಿಟ್ 36 ಶೇಕಡ, ಆರ್‌ಬಿಸಿ ಮೈಕ್ರೋಲೀಟರ್‌ಗೆ 45 ಲಕ್ಷ, ಅಂದರೆ ರಿಪೋರ್ಟಿನ ಭಾಷೆಯಲ್ಲಿ 4.50. 36ನ್ನು 10ರಿಂದ ಗುಣಿಸಿ 4.50ರಿಂದ ಭಾಗಿಸಿದರೆ 80 ಫೆಮ್ಟೋಲೀಟರ್. ಒಂದು ಲೀಟರನ್ನು ಕೋಟಿ ಕೋಟಿ ಭಾಗ ಮಾಡಿ, ಅದರಲ್ಲಿ ಒಂದನ್ನು ಮತ್ತೆ ಹತ್ತು ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೋಲೀಟರ್. ದೊಡ್ಡವರಲ್ಲಿ ಒಂದು ಕೆಂಪುಕಣದ ಗಾತ್ರ ಅಂಥ 80ರಿಂದ 100.

ಈ ವ್ಯತ್ಯಾಸ ಪಂಡಿತರ ಜಗಳದಂತೆ ಕಂಡರೂ ಬೆಂಚಿನ ಮೇಲೆ ಅದರ ಪರಿಣಾಮ ದೊಡ್ಡದು. ಎಕ್ಸ್‌ಪಿ-100ರಲ್ಲಿ ಬಳಕೆದಾರರು ಕ್ಯಾಲಿಬ್ರೇಟ್ ಮಾಡುವುದು (ಅಳತೆ ಹೊಂದಿಸುವುದು) ಹಿಮೋಗ್ಲೋಬಿನ್ ಮತ್ತು ಹೆಮಟೋಕ್ರಿಟ್ ಎರಡನ್ನೇ. ಎಂಸಿವಿಗೆ ಬೇರೆ ಗುಂಡಿ ಇಲ್ಲ. ಹೆಮಟೋಕ್ರಿಟ್ ಮೂರು ಶೇಕಡದಷ್ಟು ಮೇಲೆ ಕೂತರೆ ಎಂಸಿವಿಯೂ ಅಷ್ಟೇ ಮೇಲೆ ಕೂರುತ್ತದೆ: 78 ಇದ್ದದ್ದು 80.3 ಎಂದು ಅಚ್ಚಾಗಿ, ಚಿಕ್ಕ ಕಣದ ರೋಗಿ ನಾರ್ಮಲ್ ಪಟ್ಟಿಗೆ ಸೇರಿಬಿಡುತ್ತಾರೆ. ಆದ್ದರಿಂದ ಈ ಯಂತ್ರ ಇಟ್ಟವರ ಹತ್ತಿರ ಹಳೇ ಕಾಲದ ಮೈಕ್ರೋ ಹೆಮಟೋಕ್ರಿಟ್ ಸೆಂಟ್ರಿಫ್ಯೂಜ್ (ಸಣ್ಣ ಕೊಳವೆಯಲ್ಲಿ ರಕ್ತವನ್ನು ವೇಗವಾಗಿ ತಿರುಗಿಸಿ ಕೆಂಪುಕಣಗಳನ್ನು ತಳಕ್ಕೆ ಕೂರಿಸುವ ಯಂತ್ರ) ಒಂದು ಇರಲೇಬೇಕು. ಡಿಜಿಟಲ್ ಬಂತೆಂದು ಅದನ್ನು ಗುಜರಿಗೆ ಹಾಕಿದ ಲ್ಯಾಬು ತಕ್ಕಡಿ ಇಟ್ಟುಕೊಂಡು ತೂಕದ ಕಲ್ಲು ಮಾರಿದ ಅಂಗಡಿಯ ಹಾಗೆ.

ಆ ಕಲ್ಲನ್ನು, ಅಂದರೆ ಸೆಂಟ್ರಿಫ್ಯೂಜನ್ನು, ಸರಿಯಾಗಿ ಬಳಸುವ ಕ್ರಮ ಹೀಗೆ. ಕ್ಯಾಪಿಲರಿ ಕೊಳವೆ 75 ಮಿಲಿಮೀಟರ್ ಉದ್ದದ್ದು; ಕೆಂಪು ಪಟ್ಟಿ ಇದ್ದರೆ ಒಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸವರಿದೆ, ಬೆರಳಿನ ರಕ್ತಕ್ಕೆ; ನೀಲಿ ಪಟ್ಟಿಯದ್ದು ಖಾಲಿ, ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ಉಪ್ಪು) ಟ್ಯೂಬಿನ ರಕ್ತಕ್ಕೆ. ಮುಕ್ಕಾಲು ಭಾಗ ತುಂಬಿಸಿ, ಹೊರಗಿನ ರಕ್ತ ಒರೆಸಿ, ಒಂದು ತುದಿಗೆ ಜೇಡಿಯ ಸೀಲ್ ಒತ್ತಿ, ಆ ತುದಿ ಹೊರಗಡೆಗೆ ಬರುವಂತೆ ರೋಟರಿನಲ್ಲಿ ಮಲಗಿಸಬೇಕು. 10,000ದಿಂದ 12,000 ಜಿ ಬಲದಲ್ಲಿ ಐದು ನಿಮಿಷ. ಪ್ರತಿ ಸ್ಯಾಂಪಲ್‌ಗೆ ಎರಡು ಕೊಳವೆ. ಎರಡರ ನಡುವೆ ಒಂದು ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಮತ್ತೆ ಮಾಡಬೇಕು. ಓದುವಾಗ ಕೆಂಪು ಕಂಬದ ನೆತ್ತಿಯವರೆಗೆ ಮಾತ್ರ, ಮೇಲಿನ ಬೂದುಬಿಳಿ ಪದರವನ್ನು ಸೇರಿಸಬಾರದು. ತಿರುಗುವುದು ನಿಂತ ಮೇಲೆ ಹತ್ತು ನಿಮಿಷದೊಳಗೆ ಓದಿಬಿಡಬೇಕು, ಇಲ್ಲದಿದ್ದರೆ ಕಂಬದ ಅಂಚು ಓರೆಯಾಗುತ್ತದೆ.

ಈ ವಿಧಾನಕ್ಕೂ ತನ್ನದೇ ದೋಷ ಇದೆ. ಕಣಗಳ ಸಂದಿಯಲ್ಲಿ ಶೇಕಡ ಒಂದರಿಂದ ಮೂರರಷ್ಟು ಪ್ಲಾಸ್ಮಾ ಸಿಕ್ಕಿಕೊಂಡಿರುತ್ತದೆ. ಕಣ ಚಿಕ್ಕದಾಗಿ ಗಡುಸಾಗಿದ್ದರೆ, ಕುಡಗೋಲಿನಾಕಾರವಿದ್ದರೆ ಇನ್ನೂ ಹೆಚ್ಚು ಸಿಕ್ಕುತ್ತದೆ. ಅದಕ್ಕೇ ಕ್ಯಾಲಿಬ್ರೇಷನ್‌ಗೆ ರೋಗಿಗಳ ರಕ್ತ ಬೇಡ. ಎಲ್ಲ ಅಂಕಿಗಳೂ ನಾರ್ಮಲ್ ಇರುವ, ಆಗತಾನೆ ತೆಗೆದ, ಕನಿಷ್ಠ ಐದು ಆರೋಗ್ಯವಂತರ ರಕ್ತ ಬೇಕು. ಇಡಿಟಿಎ ಟ್ಯೂಬನ್ನು ಗೆರೆಯವರೆಗೆ ತುಂಬದೆ ಅರ್ಧಕ್ಕೇ ನಿಲ್ಲಿಸಿದರೂ ಇಲ್ಲಿ ಪೆಟ್ಟು: ಉಪ್ಪು ಹೆಚ್ಚಾಗಿ ಕಣದೊಳಗಿನ ನೀರು ಹೊರಬಂದು ಕಂಬ ಕುಗ್ಗುತ್ತದೆ. ಯಂತ್ರದೊಳಗೆ ಆ ಕಣಗಳು 25,000 ಪಟ್ಟು ಡೈಲ್ಯೂಯೆಂಟಿನಲ್ಲಿ ಬಿದ್ದು ಮತ್ತೆ ಉಬ್ಬಿಕೊಳ್ಳುವುದರಿಂದ ಅಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಎರಡರ ಅಂಕಿ ಹೊಂದುತ್ತಿಲ್ಲವೆಂದು ಯಂತ್ರದ ಕ್ಯಾಲಿಬ್ರೇಷನ್ ತಿರುಗಿಸುವ ಮೊದಲು ಟ್ಯೂಬಿನ ಗೆರೆ ನೋಡಿ.

ದಿನದ ಆರೈಕೆಯಲ್ಲಿ ಯಂತ್ರ ಹೆಚ್ಚು ಕಾಡುವುದಿಲ್ಲ. ಬೆಳಿಗ್ಗೆ ಆನ್ ಮಾಡಿದಾಗ ತಾನೇ ಬ್ಯಾಕ್‌ಗ್ರೌಂಡ್ (ರಕ್ತವಿಲ್ಲದೆ ಓಡಿಸಿದಾಗ ಬರುವ ಅಂಕಿ) ನೋಡಿಕೊಳ್ಳುತ್ತದೆ: ಬಿಳಿಕಣ 0.3, ಕೆಂಪುಕಣ 0.02, ಹಿಮೋಗ್ಲೋಬಿನ್ 0.1, ಪ್ಲೇಟ್‌ಲೆಟ್ 10 ಮೀರಬಾರದು. ಆಮೇಲೆ ಕಂಟ್ರೋಲ್ ರಕ್ತ, ಅಂದರೆ ಅಂಕಿ ಮೊದಲೇ ಗೊತ್ತಿರುವ ರಕ್ತ. ಕಡಿಮೆ, ನಾರ್ಮಲ್, ಹೆಚ್ಚು ಎಂದು ಮೂರು ಮಟ್ಟದ ಸೀಸೆ ಬರುತ್ತದೆ; ಖರ್ಚು ಉಳಿಸಲು ನಾರ್ಮಲ್ ಒಂದನ್ನೇ ಓಡಿಸುವ ಅಭ್ಯಾಸ ಎಂಸಿವಿ ಮಟ್ಟಿಗೆ ಒಳ್ಳೆಯದಲ್ಲ, ತೀರ್ಮಾನದ ಗೆರೆ ಇರುವುದು ಕೆಳಗಿನ ಕಡೆ. ಫ್ರಿಜ್ಜಿನಿಂದ ತೆಗೆದ ಸೀಸೆಯನ್ನು ಕೋಣೆಯ ಬಿಸಿಗೆ ಬರಲು ಕಾಲು ಗಂಟೆ ಬಿಟ್ಟು, ತಳದಲ್ಲಿ ಕಣ ಅಂಟಿಲ್ಲದಂತೆ ಅಂಗೈ ನಡುವೆ ನಿಧಾನ ಉರುಳಿಸಿ ಕೊಡಬೇಕು. ಕುಲುಕಿದರೆ ನೊರೆ ಬರುತ್ತದೆ, ಕಣ ಒಡೆಯುತ್ತದೆ. ಸಂಜೆ ಸೆಲ್‌ಕ್ಲೀನ್ ಎಂಬ ತೊಳೆಯುವ ದ್ರಾವಣ ಕೊಟ್ಟು ಶಟ್‌ಡೌನ್. ತಿಂಗಳಿಗೆ ಅಥವಾ 1,500 ಸ್ಯಾಂಪಲ್‌ಗೆ ಒಮ್ಮೆ ಟ್ರಾನ್ಸ್‌ಡ್ಯೂಸರ್ (ರಂಧ್ರವಿರುವ ಭಾಗ) ಮತ್ತು ವೇಸ್ಟ್ ಚೇಂಬರ್ ತೊಳೆಯಬೇಕು, ಮೂರು ತಿಂಗಳಿಗೆ ಅಥವಾ 4,500 ಸ್ಯಾಂಪಲ್‌ಗೆ ಸ್ಯಾಂಪಲ್ ರೋಟರ್ ವಾಲ್ವ್ ಬಿಚ್ಚಿ ಸ್ವಚ್ಛ ಮಾಡಬೇಕು. ಸಂಜೆ ಕರೆಂಟ್ ಹೋಯಿತೆಂದು ಶಟ್‌ಡೌನ್ ಮಾಡದೆ ಬೀಗ ಹಾಕಿ ಹೋದರೆ ರಂಧ್ರದ ಅಂಚಿಗೆ ಪ್ರೋಟೀನ್ ಕಟ್ಟುತ್ತದೆ. ರಂಧ್ರ ಕಿರಿದಾದಷ್ಟೂ ಅದೇ ಕಣ ದೊಡ್ಡ ಮಿಡಿತ ಹುಟ್ಟಿಸುತ್ತದೆ, ಎಂಸಿವಿ ದಿನದಿಂದ ದಿನಕ್ಕೆ ಸದ್ದಿಲ್ಲದೆ ಮೇಲೆ ಜಾರುತ್ತದೆ. ಪೂರ್ತಿ ಕಟ್ಟಿಕೊಂಡರೆ ಯಂತ್ರ ಕಿರುಚುತ್ತದೆ. ಅರ್ಧ ಕಟ್ಟಿಕೊಂಡದ್ದು ಹೇಳಿಕೊಳ್ಳುವುದಿಲ್ಲ. ಹಾಗಾಗಿ ಯುಪಿಎಸ್ ಇಲ್ಲದೆ ಈ ಯಂತ್ರ ಇಡಬೇಡಿ.

ಡೈಲ್ಯೂಯೆಂಟ್ ಬಗ್ಗೆ ಕಟ್ಟುನಿಟ್ಟಾಗಿ ಹೇಳಬೇಕು. ಕೆಂಪುಕಣದ ಗಾತ್ರ ಅದು ಮುಳುಗಿರುವ ದ್ರಾವಣದ ಉಪ್ಪಿನಂಶವನ್ನು ಅವಲಂಬಿಸಿದೆ. 20 ಲೀಟರಿನ ಸೆಲ್‌ಪ್ಯಾಕ್ ಡಬ್ಬದ ಮುಚ್ಚಳ ಸಡಿಲವಿದ್ದು ನೀರು ಆವಿಯಾದರೆ ದ್ರಾವಣ ಗಾಢವಾಗಿ ಕಣ ಸೊರಗುತ್ತದೆ, ಎಂಸಿವಿ ಇಳಿಯುತ್ತದೆ. ಡಬ್ಬದ ತಳದಲ್ಲಿ ಉಳಿದದ್ದನ್ನು ಹೊಸ ಡಬ್ಬಕ್ಕೆ ಸುರಿಯುವುದೂ ತಪ್ಪು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಹೊಂದಿಕೆಯ ರೀಏಜೆಂಟ್‌ಗಳನ್ನು ಬಳಸುವವರಿದ್ದಾರೆ. ಹಿಮೋಗ್ಲೋಬಿನ್ ಸರಿ ಬರುತ್ತದಲ್ಲ ಎಂಬ ಸಮಾಧಾನ ಸಾಲದು, ಮೊದಲು ಅಲುಗುವುದು ಎಂಸಿವಿ. ಬದಲಿಸಲೇಬೇಕಾದರೆ ಹಳೆಯ ಡಬ್ಬ ಮುಗಿಯುವ ಮೊದಲು ಇಪ್ಪತ್ತು ಸ್ಯಾಂಪಲ್‌ಗಳನ್ನು ಎರಡರಲ್ಲೂ ಓಡಿಸಿ, ಎಂಸಿವಿ ಸರಾಸರಿ ಪಕ್ಕಪಕ್ಕ ಇಟ್ಟು ನೋಡಿ. ಇನ್ನು ಯಂತ್ರದ ಕೋಣೆ 15ರಿಂದ 30 ಡಿಗ್ರಿಯೊಳಗೆ ಇರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಎಸಿ ಇಲ್ಲದ ಕೋಣೆಯಲ್ಲಿ ಇದು ಆಗದ ಮಾತು. ಎಸಿಯ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ದುಡ್ಡಿಲ್ಲದ ಒಂದು ಕಾವಲು ಇದೆ. 1974ರಲ್ಲಿ ರೋಗಶಾಸ್ತ್ರಜ್ಞ ಬ್ರಯನ್ ಬುಲ್ ತೋರಿಸಿದ ದಾರಿ: ಇಪ್ಪತ್ತಿಪ್ಪತ್ತು ರೋಗಿಗಳ ಎಂಸಿವಿ ಸರಾಸರಿ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ, ಬದಲಾದರೆ ಜನ ಬದಲಾದದ್ದಲ್ಲ, ಯಂತ್ರ ಬದಲಾದದ್ದು. ರಿಜಿಸ್ಟರಿನಲ್ಲಿ ಒಂದು ಕಾಲಂ ಎಳೆದರೆ ಸಾಕು. ಆದರೆ ಪುಸ್ತಕದಲ್ಲಿ ಬರೆದ ಸರಾಸರಿಯನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಕಬ್ಬಿಣದ ಕೊರತೆ ಮನೆಮನೆಯಲ್ಲೂ ಇರುವ ನಮ್ಮ ಕಡೆ ಲ್ಯಾಬಿಗೆ ಬರುವವರ ಸರಾಸರಿ ಅದಕ್ಕಿಂತ ಕೆಳಗೇ ಇರುತ್ತದೆ. ಒಂದು ತಿಂಗಳ ನಿಮ್ಮದೇ ಅಂಕಿಗಳಿಂದ ಗುರಿ ಕಟ್ಟಿಕೊಳ್ಳಿ. ಸೋಮವಾರದ ಗರ್ಭಿಣಿಯರ ಕ್ಯಾಂಪಿನಂಥ ದಿನಗಳನ್ನು ಬೇರೆ ಇಡಿ.

ಯಂತ್ರದ ನಿಜವಾದ ಬೆಲೆ ಅಂಕಿಯ ಪಕ್ಕದಲ್ಲಿ ಅಚ್ಚಾಗುವ ಕೆಂಪುಕಣದ ಹಿಸ್ಟೋಗ್ರಾಮ್‌ನಲ್ಲಿದೆ (ಯಾವ ಗಾತ್ರದ ಕಣ ಎಷ್ಟಿದೆ ಎಂದು ತೋರಿಸುವ ಗೆರೆಚಿತ್ರ). ರೋಗಿಗೆ ಕೊಡುವ ಚಂದದ ರಿಪೋರ್ಟಿನಲ್ಲಿ ಅದನ್ನು ಬಿಟ್ಟುಬಿಡುವ ಲ್ಯಾಬ್‌ಗಳಿವೆ, ಜಾತಕದ ಫಲ ಹೇಳಿ ಕುಂಡಲಿ ಮುಚ್ಚಿಟ್ಟ ಹಾಗೆ. ಒಳ್ಳೆಯ ರಕ್ತದಲ್ಲಿ ಗುಡ್ಡ ಒಂದೇ, ಎರಡೂ ಕಡೆ ನೆಲ ಮುಟ್ಟುತ್ತದೆ. ಯಂತ್ರ ಕೆಳಗಿನ ಬೇಲಿಯನ್ನು 25ರಿಂದ 75 ಫೆಮ್ಟೋಲೀಟರ್ ನಡುವೆ, ಮೇಲಿನದ್ದನ್ನು 200ರಿಂದ 250ರ ನಡುವೆ ತಾನೇ ಹುಡುಕಿ ಹಾಕುತ್ತದೆ. ಕೆಳಗಿನ ಬೇಲಿಯ ಹತ್ತಿರ ನೆಲ ಮುಟ್ಟದಿದ್ದರೆ ಆರ್‌ಎಲ್ ಎಂಬ ಗುರುತು: ಚೂರಾದ ಕೆಂಪುಕಣ, ತೀರಾ ಚಿಕ್ಕ ಕಣ, ಇಲ್ಲವೇ ದೈತ್ಯ ಪ್ಲೇಟ್‌ಲೆಟ್ ಅಲ್ಲಿ ಬೆರೆತಿವೆ, ಪ್ಲೇಟ್‌ಲೆಟ್ ಎಣಿಕೆಯನ್ನೂ ನಂಬಬೇಡಿ. ಮೇಲಿನ ಬೇಲಿಯಲ್ಲಿ ಆರ್‌ಯು ಬಂದರೆ ಕಣಗಳು ಅಂಟಿಕೊಂಡಿವೆ ಎಂಬ ಅನುಮಾನ. ಎಂಪಿ ಅಂದರೆ ಗುಡ್ಡ ಎರಡು. ಕಬ್ಬಿಣದ ಚಿಕಿತ್ಸೆ ಶುರುವಾಗಿ ಕೆಲವು ವಾರ ಆದವರಲ್ಲಿ, ರಕ್ತ ಕೊಡಿಸಿಕೊಂಡವರಲ್ಲಿ ಹಳೆಯ ಸಣ್ಣ ಕಣದ ಗುಡ್ಡ ಒಂದು, ಹೊಸ ಕಣದ ಗುಡ್ಡ ಇನ್ನೊಂದು. ಆಗ ಎಂಸಿವಿ 82 ಎಂದು ಬರೆದಿದ್ದರೆ ಅದು ಎರಡು ಗುಡ್ಡಗಳ ನಡುವಿನ ಕಣಿವೆಯ ವಿಳಾಸ, ಅಲ್ಲಿ ಕಣಗಳೇ ಕಡಿಮೆ.

ಅಂಕಿಗಳ ಹೊಂದಾಣಿಕೆ ಪರೀಕ್ಷೆ ಬೆರಳಲ್ಲೇ ಮಾಡಬಹುದು. ಆರ್‌ಬಿಸಿಯ ಮೂರು ಪಟ್ಟು ಹಿಮೋಗ್ಲೋಬಿನ್, ಹಿಮೋಗ್ಲೋಬಿನ್‌ನ ಮೂರು ಪಟ್ಟು ಹೆಮಟೋಕ್ರಿಟ್. ಎರಡನೆಯದಕ್ಕೆ ಮೂರು ಅಂಕ ಆಚೆ ಈಚೆ ಬಿಡಬಹುದು. ಇದು ಕಣ ನಾರ್ಮಲ್ ಇದ್ದವರಿಗೆ ಮಾತ್ರ ಕೂಡುವ ಲೆಕ್ಕ. ಎಂಸಿವಿ 65 ಇರುವ ರೋಗಿಯಲ್ಲಿ ಮೊದಲ ಲೆಕ್ಕ ತಪ್ಪಿತೆಂದು ಗಾಬರಿ ಬೇಡ, ತಪ್ಪಲೇಬೇಕು. ಎಂಸಿವಿ ನಾರ್ಮಲ್ ಇದ್ದೂ ಲೆಕ್ಕ ಕೂಡದಿದ್ದರೆ ಅಲ್ಲಿ ನಿಲ್ಲಿ.

ಹೀಗೆ ನಿಲ್ಲಬೇಕಾದಲ್ಲೆಲ್ಲ ಮೊದಲು ನೋಡಬೇಕಾದದ್ದು ಎಂಸಿಎಚ್‌ಸಿ, ಅಂದರೆ ಹಿಮೋಗ್ಲೋಬಿನ್ ಅನ್ನು ಹೆಮಟೋಕ್ರಿಟ್‌ನಿಂದ ಭಾಗಿಸಿ ಶೇಕಡದಲ್ಲಿ ಹೇಳುವ, ಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ. ಕಣದೊಳಗೆ ಹಿಮೋಗ್ಲೋಬಿನ್ ತುಂಬುವುದಕ್ಕೂ ಒಂದು ಮಿತಿ ಇದೆ. 36 ದಾಟಿದರೆ ಗೋಲಕಣದ ಆನುವಂಶಿಕ ಕಾಯಿಲೆ ಇರಬಹುದು, ಅದಿಲ್ಲದಿದ್ದರೆ ಅಳತೆಯೇ ಕೆಟ್ಟಿದೆ. ಚಳಿಗೆ ಅಂಟಿಕೊಳ್ಳುವ ಪ್ರತಿಕಾಯ ಇರುವ ರಕ್ತ ಇದಕ್ಕೆ ಚೊಕ್ಕ ಉದಾಹರಣೆ. ಆರ್‌ಬಿಸಿ 1.90, ಹಿಮೋಗ್ಲೋಬಿನ್ 9.8, ಹೆಮಟೋಕ್ರಿಟ್ 21.5 ಎಂದು ಬಂತೆನ್ನಿ. ಎಂಸಿವಿ 113, ಎಂಸಿಎಚ್‌ಸಿ 45.6. ಎಂಸಿವಿಯನ್ನಷ್ಟೇ ನೋಡಿದವರು ಕಣ ದೊಡ್ಡದಾಗಿದೆ, ಬಿ12 ಕೊರತೆ ಎಂದುಕೊಂಡು ಬಿ12 ಇಂಜೆಕ್ಷನ್ ಬರೆಯುತ್ತಾರೆ. ನಿಜವಾಗಿ ಕಣಗಳು ಎರಡು ಮೂರು ಅಂಟಿಕೊಂಡು ಒಂದಾಗಿ ರಂಧ್ರ ದಾಟಿವೆ. ದೊಡ್ಡ ಮುದ್ದೆಗಳು ಮೇಲಿನ ಬೇಲಿಯಾಚೆ ಹೋಗಿ ಎಣಿಕೆಗೇ ಬಂದಿಲ್ಲ. ಹಿಮೋಗ್ಲೋಬಿನ್ ಮಾತ್ರ ಸರಿ, ಏಕೆಂದರೆ ಅದನ್ನು ಅಳೆಯುವ ಮೊದಲು ಕಣಗಳನ್ನು ಒಡೆಯಲಾಗುತ್ತದೆ. ಟ್ಯೂಬನ್ನು 37 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತೆಗೆದು ತಲೆಕೆಳಗು ಮಾಡಿ ಬೆರೆಸಿ, ತಡಮಾಡದೆ ಓಡಿಸಿದರೆ ಅದೇ ರಕ್ತ ಆರ್‌ಬಿಸಿ 3.15, ಹೆಮಟೋಕ್ರಿಟ್ 29.0, ಎಂಸಿವಿ 92, ಎಂಸಿಎಚ್‌ಸಿ 33.8 ಎಂದು ಬದಲಾಗಬಹುದು. ವಾಟರ್ ಬಾತ್‌ನಿಂದ ಯಂತ್ರಕ್ಕೆ ತರುವಷ್ಟರಲ್ಲಿ ತಣಿಯದಂತೆ ಎರಡನ್ನೂ ಒಂದೇ ಮೇಜಿನ ಮೇಲೆ ಇಡುವುದು ಜಾಣತನ.

ಎಂಸಿಎಚ್‌ಸಿ ಏರಿ ಎಂಸಿವಿ ಸರಿಯೇ ಇದ್ದರೆ ದಾರಿ ಬೇರೆ: ಪ್ಲಾಸ್ಮಾ ಮಜ್ಜಿಗೆಯಂತೆ ಬೆಳ್ಳಗಿದೆಯೇ ನೋಡಿ. ಕೊಬ್ಬು ಬೆಳಕನ್ನು ತಡೆದು ಹಿಮೋಗ್ಲೋಬಿನ್ ಹೆಚ್ಚು ತೋರಿಸುತ್ತದೆ, ಕಣದ ಗಾತ್ರಕ್ಕೆ ಅದರ ಸೋಂಕಿಲ್ಲ.

ಎದುರು ದಿಕ್ಕಿನ ಮೋಸ ಸಕ್ಕರೆಯದ್ದು. ರಕ್ತದ ಸಕ್ಕರೆ 600 ಮಿಲಿಗ್ರಾಂ ದಾಟಿದವರಲ್ಲಿ ಕೆಂಪುಕಣದ ಒಳಗೂ ಸಕ್ಕರೆ ತುಂಬಿರುತ್ತದೆ. ಅಂಥ ಕಣ ಡೈಲ್ಯೂಯೆಂಟಿಗೆ ಬಿದ್ದ ಕೂಡಲೇ ನೀರು ಒಳನುಗ್ಗಿ ಬೂಂದಿಯಂತೆ ಉಬ್ಬುತ್ತದೆ. ಸಕ್ಕರೆ ಹೊರಗೆ ಬಂದು ಸಮವಾಗುವುದಕ್ಕೆ ಕೆಲವು ನಿಮಿಷ ಬೇಕು, ಯಂತ್ರ ಕೆಲವೇ ಸೆಕೆಂಡಿನಲ್ಲಿ ಅಳೆದುಬಿಡುತ್ತದೆ. ಫಲ: ಎಂಸಿವಿ ಹೆಚ್ಚು, ಎಂಸಿಎಚ್‌ಸಿ ಕಡಿಮೆ. ಪ್ರೀ-ಡೈಲ್ಯೂಟೆಡ್ ಮೋಡ್ ಒದಗುವುದು ಇಲ್ಲಿ. 20 ಮೈಕ್ರೋಲೀಟರ್ ರಕ್ತವನ್ನು 500 ಮೈಕ್ರೋಲೀಟರ್ ಸೆಲ್‌ಪ್ಯಾಕ್‌ನಲ್ಲಿ ಬೆರೆಸಿ, ಐದು ನಿಮಿಷ ಬಿಟ್ಟು, ಮತ್ತೊಮ್ಮೆ ಮೆಲ್ಲಗೆ ಬೆರೆಸಿ ಓಡಿಸಿದರೆ ಉಬ್ಬಿದ್ದು ಇಳಿದಿರುತ್ತದೆ. ರಕ್ತದ ಸೋಡಿಯಂ ತುಂಬ ಏರಿದವರಲ್ಲೂ ಇದೇ ಆಟ, ಇಳಿದವರಲ್ಲಿ ಇದರ ತಿರುವು. ಬಿಳಿಕಣ ಲಕ್ಷ ದಾಟಿದ ಲ್ಯುಕೀಮಿಯಾ ರೋಗಿಗಳಲ್ಲಿ ಬಿಳಿಕಣಗಳೂ ಕೆಂಪುಕಣದ ಲೆಕ್ಕಕ್ಕೆ ಸೇರಿ ಎಂಸಿವಿಯನ್ನು ಮೇಲೆಳೆಯುತ್ತವೆ; ಅಲ್ಲಿ ಹೆಮಟೋಕ್ರಿಟ್‌ಗೆ ಕ್ಯಾಪಿಲರಿಯೇ ಗತಿ.

ಇವೆಲ್ಲ ಅಪರೂಪ. ದಿನಾ ನಡೆಯುವ ಮೋಸ ಸಮಯದ್ದು. ಊರಿನ ಕಲೆಕ್ಷನ್ ಸೆಂಟರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಮಾರನೆಯ ದಿನ ಯಂತ್ರ ಕಂಡರೆ, ಕೋಣೆಯ ಬಿಸಿಯಲ್ಲಿದ್ದ ಕಣಗಳು ಅಷ್ಟರಲ್ಲಿ ಊದಿಕೊಂಡಿರುತ್ತವೆ. ಹಿಮೋಗ್ಲೋಬಿನ್ ಹಾಗೇ ಇರುತ್ತದೆ, ಎಂಸಿವಿ ಏರಿ ಎಂಸಿಎಚ್‌ಸಿ ಇಳಿದಿರುತ್ತದೆ. ಕಬ್ಬಿಣದ ಕೊರತೆಯ 77, ಬೆಳಗಾಗುವಷ್ಟರಲ್ಲಿ ನಾರ್ಮಲ್ ಆಗಿರಬಹುದು. ಆರರಿಂದ ಎಂಟು ಗಂಟೆಯೊಳಗೆ ಓಡಿಸಬೇಕು, ಆಗದಿದ್ದರೆ 4 ಡಿಗ್ರಿಯಲ್ಲಿ ಇಟ್ಟು 24 ಗಂಟೆಯೊಳಗೆ. ಸ್ಮಿಯರ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿನ ಮೇಲೆ ಸವರಿದ ರಕ್ತ) ಅನ್ನು ಮಾತ್ರ ರಕ್ತ ತೆಗೆದ ಜಾಗದಲ್ಲೇ ಎಳೆದು ಒಣಗಿಸಿ ಟ್ಯೂಬಿನ ಜೊತೆ ಕಳಿಸುವುದು ಉತ್ತಮ. ಇದೊಂದು ಕಾರಣಕ್ಕೇ, ದೊಡ್ಡ ನಗರದ ಫೈವ್-ಪಾರ್ಟ್ ಯಂತ್ರದ ಮಾರನೆಯ ದಿನದ ಎಂಸಿವಿಗಿಂತ ತಾಲ್ಲೂಕಿನ ತ್ರೀ-ಪಾರ್ಟ್‌ನ ಅದೇ ದಿನದ ಎಂಸಿವಿ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇಂಪೀಡೆನ್ಸ್ ಪದ್ಧತಿಯ ಹುಟ್ಟುಗುಣ ಒಂದನ್ನು ಯಾವ ಸರ್ವಿಸಿನಿಂದಲೂ ತಿದ್ದಲಾಗದು. ರಂಧ್ರದೊಳಗೆ ನುಗ್ಗುವಾಗ ಕೆಂಪುಕಣ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇರುವ ಮೆತ್ತನೆಯ ಕಣ ಇನ್ನೂ ಹೆಚ್ಚು ಎಳೆದುಕೊಂಡು ಮಿಡಿತವನ್ನು ನಿಜಕ್ಕಿಂತ ಚಿಕ್ಕದಾಗಿಸುತ್ತದೆ. ಆದ್ದರಿಂದ ತೀವ್ರ ಕಬ್ಬಿಣದ ಕೊರತೆಯಲ್ಲಿ ಎಂಸಿವಿ ಸ್ವಲ್ಪ ಕೆಳಗೆ ಬರುತ್ತದೆ, ಎಂಸಿಎಚ್‌ಸಿ ಇಳಿಯಬೇಕಾದಷ್ಟು ಇಳಿಯದೆ 30ರ ಸುತ್ತಲೇ ನಿಲ್ಲುತ್ತದೆ. ಕಣವನ್ನು ಗೋಲಿಯಾಗಿಸಿ ಲೇಸರ್‌ನಲ್ಲಿ ನೋಡುವ ಅಡ್ವಿಯಾದಂಥ ಯಂತ್ರಗಳಿಗೆ ಈ ತೊಡಕಿಲ್ಲ, ಆದರೆ ಅವುಗಳ ಬೆಲೆಯೂ ನಿರ್ವಹಣೆಯೂ ಬೇರೆ ಮಟ್ಟದ್ದು. ಎರಡು ಬಗೆಯ ಯಂತ್ರದಲ್ಲಿ ಬಂದ ಎರಡು ರಿಪೋರ್ಟನ್ನು ಪಕ್ಕದಲ್ಲಿಟ್ಟು ಎರಡು ಮೂರು ಅಂಕದ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ.

ಅಳತೆ ಸರಿಯೆಂದಾದ ಮೇಲೆ ಓದುವ ಕೆಲಸ. ವಯಸ್ಸು ಮೊದಲು. ಎರಡು ವರ್ಷದ ಮಗುವಿನ 74 ನಾರ್ಮಲ್. ಮಕ್ಕಳಿಗೆ ಕೆಳಗಿನ ಮಿತಿ ಎಪ್ಪತ್ತಕ್ಕೆ ವಯಸ್ಸಿನ ವರ್ಷ ಕೂಡಿಸಿದಷ್ಟು ಎಂಬ ಅಂದಾಜು ಸಾಕಾಗುತ್ತದೆ. ನವಜಾತ ಶಿಶುವಿನ 105 ನೋಡಿ ಬೆಚ್ಚಬೇಕಿಲ್ಲ. ಯಂತ್ರ ಹಾಕುವ ಮೇಲು ಕೆಳಗಿನ ಬಾಣಗಳನ್ನು ದೊಡ್ಡವರ ಮಿತಿಗೇ ಬಿಟ್ಟಿದ್ದರೆ ಮಕ್ಕಳ ರಿಪೋರ್ಟಿಗೆಲ್ಲ ಬಾಣ ಬೀಳುತ್ತದೆ. ರಿಪೋರ್ಟ್ ಸಾಫ್ಟ್‌ವೇರಿನಲ್ಲಿ ವಯಸ್ಸಿನ ಮಿತಿಗಳನ್ನು ಬೇರೆಯಾಗಿ ಹಾಕಿಸಿ.

ಚಿಕ್ಕ ಕಣದ ಮುಖ್ಯ ಪ್ರಶ್ನೆ ಕಬ್ಬಿಣದ ಕೊರತೆಯೋ, ಬೀಟಾ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ವಾಹಕರೋ ಎಂಬುದು. ಎರಡು ರಿಪೋರ್ಟು ನೋಡಿ. ಒಂದರಲ್ಲಿ ಆರ್‌ಬಿಸಿ 4.10, ಹಿಮೋಗ್ಲೋಬಿನ್ 8.2, ಎಂಸಿವಿ 67. ಇನ್ನೊಂದರಲ್ಲಿ ಆರ್‌ಬಿಸಿ 5.90, ಹಿಮೋಗ್ಲೋಬಿನ್ 11.6, ಎಂಸಿವಿ 62.7. ಎರಡನೆಯವರಲ್ಲಿ ಹಿಮೋಗ್ಲೋಬಿನ್ ಅಷ್ಟೇನೂ ಇಳಿದಿಲ್ಲ, ಕಣ ಮಾತ್ರ ತೀರಾ ಚಿಕ್ಕದು, ಸಂಖ್ಯೆಯೋ ಹೇರಳ. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸುವ ಮೆಂಟ್ಜರ್ ಸೂಚ್ಯಂಕ 1973ರದ್ದು: 13ಕ್ಕಿಂತ ಕಡಿಮೆಯಾದರೆ ಥಲಸ್ಸೀಮಿಯಾ ವಾಹಕರ ಕಡೆ, ಹೆಚ್ಚಾದರೆ ಕಬ್ಬಿಣದ ಕೊರತೆಯ ಕಡೆ ವಾಲುತ್ತದೆ. ಮೊದಲನೆಯವರದ್ದು 16.3, ಎರಡನೆಯವರದ್ದು 10.6. ಇದು ತೀರ್ಪಲ್ಲ, ಯಾರಿಗೆ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಬರೆಯಬೇಕೆಂಬ ಸುಳಿವು. ಅದರಲ್ಲಿ ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ಶೇಕಡ 3.5 ದಾಟಿದರೆ ವಾಹಕರು. ಆದರೆ ಜೊತೆಗೆ ಕಬ್ಬಿಣದ ಕೊರತೆಯೂ ಇದ್ದರೆ ಎಚ್‌ಬಿಎ2 ಇಳಿದು ಮರೆಯಾಗಬಹುದು. ಗರ್ಭಿಣಿಯಲ್ಲಿ ಎಂಸಿಎಚ್ (ಒಂದು ಕಣದಲ್ಲಿರುವ ಸರಾಸರಿ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆಯಿದ್ದು ಈ ಅನುಮಾನ ಬಂದರೆ ಕಬ್ಬಿಣ ಕೊಟ್ಟು ಮೂರು ತಿಂಗಳು ಕಾಯುವುದು ಬೇಡ. ಗಂಡನ ರಕ್ತವನ್ನೂ ಆಗಲೇ ನೋಡಬೇಕು.

ಕುಡಗೋಲು ಕಣದ ವಾಹಕರನ್ನು ಎಂಸಿವಿ ಹಿಡಿಯುವುದಿಲ್ಲ, ಅವರಲ್ಲಿ ಅದು ಸಾಮಾನ್ಯವಾಗಿ ನಾರ್ಮಲ್. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಹಾಡಿಗಳಲ್ಲಿ ಮಾಡುವ ತಪಾಸಣೆಗೆ ಸಾಲ್ಯುಬಿಲಿಟಿ ಪರೀಕ್ಷೆ, ಎಚ್‌ಪಿಎಲ್‌ಸಿ ಬೇಕು, ಸೆಲ್ ಕೌಂಟರಲ್ಲ. ಚಿಕಿತ್ಸೆಯಲ್ಲಿ ಮಾತ್ರ ಇದು ಉಪಯುಕ್ತ. ಹೈಡ್ರಾಕ್ಸಿಯೂರಿಯಾ ತಪ್ಪದೆ ನುಂಗುವವರ ಎಂಸಿವಿ ಏರುತ್ತದೆ, ಏರದಿದ್ದರೆ ಮಾತ್ರೆ ಡಬ್ಬಿಯಲ್ಲೇ ಇದೆಯೇ ಎಂದು ಕೇಳಬಹುದು.

ದೊಡ್ಡ ಕಣದ ಕಡೆ ಬಿ12 ಮತ್ತು ಫೋಲೇಟ್ ಕೊರತೆ, ಮದ್ಯ, ಥೈರಾಯ್ಡ್, ಯಕೃತ್ತು, ಮೆಥೋಟ್ರೆಕ್ಸೇಟ್, ಜಿಡೋವುಡಿನ್‌ನಂಥ ಔಷಧ. 115 ದಾಟಿದರೆ ಬಹುಮಟ್ಟಿಗೆ ಮೊದಲ ಎರಡೇ. ನಮ್ಮ ಕಡೆ ನಿಜವಾಗಿ ಕಣ್ಣು ತಪ್ಪಿಸಿಕೊಳ್ಳುವುದು ನಡುವಿನವರು: ಹಾಲು ಮೊಸರೂ ಅಷ್ಟಕ್ಕಷ್ಟೇ ಇರುವ ಸಸ್ಯಾಹಾರಿ ಹೆಂಗಸು, ಮುಟ್ಟಿನ ರಕ್ತಸ್ರಾವ ಹೆಚ್ಚು. ಕಬ್ಬಿಣದ ಕೊರತೆ ಕಣವನ್ನು ಕುಗ್ಗಿಸುತ್ತದೆ, ಬಿ12 ಕೊರತೆ ಹಿಗ್ಗಿಸುತ್ತದೆ, ಸರಾಸರಿ 88. ಬಾಣ ಇಲ್ಲ. ಗುಟ್ಟು ಬಿಡುವುದು ಆರ್‌ಡಿಡಬ್ಲ್ಯು, ಅಂದರೆ ಕಣಗಳ ಗಾತ್ರ ಎಷ್ಟು ಹರಡಿದೆ ಎಂಬ ಅಂಕಿ. ಸಿವಿ ಲೆಕ್ಕದಲ್ಲಿ (ಸರಾಸರಿಯ ಶೇಕಡ ಎಷ್ಟು ಹರವು ಎಂಬ ಲೆಕ್ಕ) 14.5ರೊಳಗೆ ಇರಬೇಕಾದದ್ದು 22 ಎಂದಿರುತ್ತದೆ, ಹಿಸ್ಟೋಗ್ರಾಮ್ ಗುಡ್ಡದ ಬದಲು ದಿಬ್ಬದಂತೆ ಹರಡಿರುತ್ತದೆ. ಎಕ್ಸ್‌ಪಿ-100 ಆರ್‌ಡಿಡಬ್ಲ್ಯುವನ್ನು ಎಸ್‌ಡಿ ರೂಪದಲ್ಲೂ ಕೊಡುತ್ತದೆ: ಗುಡ್ಡದ ಎತ್ತರದ ಶೇಕಡ 20ರ ಮಟ್ಟದಲ್ಲಿ ಅಗಲ ಎಷ್ಟು ಫೆಮ್ಟೋಲೀಟರ್ ಎಂಬುದು. ಅದರ ನಾರ್ಮಲ್ ನಲವತ್ತರ ಆಸುಪಾಸು. ಸಿವಿಯ 14.5ರ ಮಿತಿಯನ್ನು ಎಸ್‌ಡಿಯ ಮುಂದೆ ಅಚ್ಚು ಹಾಕಿದ ರಿಪೋರ್ಟುಗಳಲ್ಲಿ ಎಲ್ಲರಿಗೂ ಬಾಣ ಬಿದ್ದಿರುತ್ತದೆ, ಸಾಫ್ಟ್‌ವೇರ್ ಹಾಕಿಸುವಾಗಲೇ ನೋಡಿಕೊಳ್ಳಿ.

ಮರುಪರೀಕ್ಷೆಯ ಆತುರವೂ ಬೇಡ. ಕೆಂಪುಕಣದ ಆಯಸ್ಸು ಸುಮಾರು 120 ದಿನ. ಕಬ್ಬಿಣ ಶುರು ಮಾಡಿದ ಹದಿನೈದು ದಿನಕ್ಕೆ ಎಂಸಿವಿ ಏರಿಲ್ಲವೆಂದು ಮಾತ್ರೆ ಬದಲಿಸುವುದರಲ್ಲಿ ಅರ್ಥವಿಲ್ಲ. ಆ ಹೊತ್ತಿಗೆ ನೋಡಬೇಕಾದದ್ದು ರೆಟಿಕ್ಯುಲೋಸೈಟ್ (ಹೊಸದಾಗಿ ಬಂದ ಎಳೆಯ ಕೆಂಪುಕಣ) ಮತ್ತು ಹಿಮೋಗ್ಲೋಬಿನ್. ಈ ಯಂತ್ರದಲ್ಲಿ ರೆಟಿಕ್ ಎಣಿಕೆ ಇಲ್ಲ, ನ್ಯೂ ಮೆಥಿಲೀನ್ ಬ್ಲೂ ಬಣ್ಣ ಹಾಕಿ ಸ್ಲೈಡಿನಲ್ಲೇ ಎಣಿಸಬೇಕು.

ಯಾರಿಗೆ ಸರಿಹೊಂದುತ್ತದೆ? ದಿನಕ್ಕೆ ಮೂವತ್ತರಿಂದ ನೂರು ಸಿಬಿಸಿ ಇರುವ, ಸ್ಮಿಯರ್ ನೋಡಬಲ್ಲವರು ಒಬ್ಬರಾದರೂ ಇರುವ ಲ್ಯಾಬಿಗೆ. ರಕ್ತದ ಕ್ಯಾನ್ಸರ್ ರೋಗಿಗಳು ಹೆಚ್ಚಿರುವ ಕಡೆ, ಸ್ಮಿಯರ್ ನೋಡುವವರೇ ಇಲ್ಲದ ಕಡೆ ಬೇಡ. ಹಳೆಯ ಕೆಎಕ್ಸ್-21 ಅಥವಾ ಎಕ್ಸ್‌ಪಿ-100 ಅನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಎಣಿಸುವ ಮೊದಲು ಒಂದೇ ತಾಜಾ ರಕ್ತವನ್ನು ಹತ್ತು ಬಾರಿ ಓಡಿಸಲು ಕೇಳಲಿ. ಕಂಪನಿಯ ಪ್ರಕಾರ ಎಂಸಿವಿಯ ಏರಿಳಿತ ಶೇಕಡ 2ರೊಳಗೆ ಇರಬೇಕು. ಚೆನ್ನಾಗಿ ಸಾಕಿದ ಯಂತ್ರದಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಹತ್ತು ಅಂಕಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದರೆ ರಂಧ್ರದಲ್ಲಿ ಕಸ, ಒಂದೇ ದಿಕ್ಕಿಗೆ ಏರುತ್ತಲೇ ಹೋದರೆ ಕೊಳೆ ಕಟ್ಟಿಕೊಳ್ಳುತ್ತಿದೆ. ಸೆಲ್‌ಕ್ಲೀನ್‌ನಿಂದ ತೊಳೆಸಿ ಮತ್ತೆ ಹತ್ತು ಓಡಿಸಿ. ಆಗಲೂ ನಿಲ್ಲದಿದ್ದರೆ ಟ್ರಾನ್ಸ್‌ಡ್ಯೂಸರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ, ಇಲ್ಲವೇ ಬೇರೆ ಯಂತ್ರ ನೋಡಿ.